ಜೀವಶಾಸ್ತ್ರ ಪುನರಾವರ್ತನೆ: ವ್ಯಾಖ್ಯೆ ಬರುತ್ತದೆ, ಪ್ರಶ್ನೆ ತಿರುಗಿಸಿ ಕೇಳಿದರೆ ಉತ್ತರ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಎರಡನೇಬೆಂಚು:
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಜೀವಶಾಸ್ತ್ರವನ್ನು ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ಪೂರ್ತಿ ನೋಡಬೇಕು. ಅನುವಂಶೀಯತೆ, ಮನುಷ್ಯನ ಅಂಗವ್ಯೂಹಗಳು, ಸಸ್ಯಗಳು, ಮೂರೂ ಇವೆ. ವ್ಯಾಖ್ಯೆ ಕೇಳಿದರೆ ಬರೆಯುತ್ತೇನೆ, ಹೃದಯದ ಚಿತ್ರ ಬಿಡಿಸಿ ಭಾಗ ಗುರುತಿಸುತ್ತೇನೆ. ಆದರೆ ಇಂಥ ಪ್ರಶ್ನೆ ಬಂದರೆ ಕೈ ನಿಲ್ಲುತ್ತದೆ:

ಮಿಶ್ರತಳಿ ಎತ್ತರದ ಗಿಡದ ನಾಲ್ಕೇ ನಾಲ್ಕು ಬೀಜ ಬಿತ್ತಿದರೆ ಮೂರು ಎತ್ತರ, ಒಂದು ಕುಳ್ಳ ಆಗಲೇಬೇಕಾ?
ಆಕ್ಸಿಜನ್ ಕಡಿಮೆ ಇರುವ ರಕ್ತ ಹರಿಯುವ ನಾಳಕ್ಕೆ ಅಪಧಮನಿ ಅಂತ ಯಾಕೆ ಹೆಸರು?
ಗಿಡದ ತೂಕ ಎಲ್ಲಿಂದ ಬರುತ್ತದೆ, ಮಣ್ಣಿಂದಲೋ ಗಾಳಿಯಿಂದಲೋ?

ಒಂದೊಂದೇ ಅಧ್ಯಾಯ ಮುಗಿಸುತ್ತ ಹೋಗಲಾ, ಅಥವಾ ಬೇರೆ ದಾರಿ ಇದೆಯಾ? ಓದಿದವರು, ಕಲಿಸಿದವರು ಹೇಳಿ.

ಹಳೇಮೇಷ್ಟ್ರು:
ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಓದಬೇಡಿ. ಪುಸ್ತಕದಲ್ಲಿ ಜೀರ್ಣಕ್ರಿಯೆ ಒಂದು ಕಡೆ, ಉಸಿರಾಟ ಇನ್ನೊಂದು ಕಡೆ, ದ್ಯುತಿಸಂಶ್ಲೇಷಣೆ ಎಲ್ಲೋ ಹಿಂದೆ ಇರುತ್ತದೆ. ದೇಹದಲ್ಲಿ ಹಾಗಿಲ್ಲ. ಒಂದು ಕಾರ್ಬನ್ ಪರಮಾಣುವನ್ನು ಹಿಡಿದುಕೊಂಡು ಅದರ ಹಿಂದೆಯೇ ಹೋಗಿ.

ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಲ್ಲಿರುವ ಆ ಕಾರ್ಬನ್ ಪತ್ರರಂಧ್ರದಿಂದ ಎಲೆಯೊಳಗೆ ಬರುತ್ತದೆ. ಕ್ಲೋರೋಪ್ಲಾಸ್ಟ್‌ನಲ್ಲಿ ಸಕ್ಕರೆಯ ಭಾಗವಾಗುತ್ತದೆ. ಸುಕ್ರೋಸ್ ರೂಪದಲ್ಲಿ ಫ್ಲೋಯಂ ಮೂಲಕ ಸಾಗಿ ಬೀಜ ಸೇರುತ್ತದೆ, ಅಲ್ಲಿ ಪಿಷ್ಟವಾಗಿ ಕೂರುತ್ತದೆ. ಅದನ್ನು ತಿಂದವರ ಬಾಯಲ್ಲಿ, ಆಮೇಲೆ ಸಣ್ಣಕರುಳಿನಲ್ಲಿ ಅಮೈಲೇಸ್ ಅದನ್ನು ಒಡೆಯುತ್ತದೆ. ಕೊನೆಗೆ ಗ್ಲೂಕೋಸ್ ಆಗಿ ವಿಲ್ಲೈಗಳ ಲೋಮನಾಳ ಸೇರಿ, ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ. ಇನ್ಸುಲಿನ್ ಹೆಚ್ಚಿದ್ದರೆ ಅಲ್ಲೇ ಗ್ಲೈಕೋಜನ್ ಆಗಿ ಉಳಿಯಬಹುದು. ಇಲ್ಲವಾದರೆ ಮುಂದೆ ಹೋಗಿ ಸ್ನಾಯುಕೋಶ ಸೇರಿ, ಮೈಟೋಕಾಂಡ್ರಿಯಾದಲ್ಲಿ ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹೆಚ್ಚಿನ ಪಾಲು ಬೈಕಾರ್ಬನೇಟ್ ಆಗಿ ಪ್ಲಾಸ್ಮಾದಲ್ಲಿ ಸಾಗಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ ದಾಟಿ ಹೊರಗೆ ಬರುತ್ತದೆ.

ಇದನ್ನು ಪುಸ್ತಕ ನೋಡದೆ ಒಂದು ಹಾಳೆಯ ಮೇಲೆ ಬರೆಯಿರಿ. ಎಲ್ಲಿ ತಡೆಯುತ್ತೀರೋ ಆ ಅಧ್ಯಾಯ ಮೊದಲು ಓದಿ. ಅನುವಂಶೀಯತೆ ಮಾತ್ರ ಇದರೊಳಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ಕೂರಬೇಕು.

ಚಿತ್ರಪುಟ:
ಮೇಷ್ಟ್ರೇ, ನಾನು ಒಪ್ಪಲ್ಲ. ಹೆಸರುಗಳೇ ಗಟ್ಟಿಯಾಗಿಲ್ಲದವರಿಗೆ ಈ ಪ್ರಯಾಣ ಅರ್ಥವೇ ಆಗಲ್ಲ. ಮೊದಲು ಚಿತ್ರ, ಭಾಗಗಳ ಹೆಸರು, ಆಮೇಲೆ ಕಥೆ. ನೆಫ್ರಾನ್ (ಮೂತ್ರಪಿಂಡದ ಸೋಸುವ ಘಟಕ) ಚಿತ್ರ ಬಿಡಿಸಲು ಬರದೆ ಮೂತ್ರ ಹೇಗೆ ಆಗುತ್ತದೆ ಅಂತ ಯಾರೂ ವಿವರಿಸಲಾರರು.

ಹಳೇಮೇಷ್ಟ್ರು:
ಅವರಿಗೆ ಚಿತ್ರ, ಹೆಸರು ಎರಡೂ ಬರುತ್ತವೆ ಅಂತ ಮೊದಲೇ ಬರೆದಿದ್ದಾರೆ ನೋಡಿ. ಕೊರತೆ ಇರುವುದು ‘ಆಮೇಲೆ ಏನಾಗುತ್ತದೆ’ ಅನ್ನುವಲ್ಲಿ.

ಬಟಾಣಿಹೂ:
ನಾಲ್ಕು ಬೀಜದ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಆಗಲೇಬೇಕೆಂದಿಲ್ಲ. ಪ್ರತಿ ಬೀಜಕ್ಕೂ ಎತ್ತರವಾಗುವ ಸಂಭವ 3/4. ನಾಲ್ಕರಲ್ಲಿ ಸರಿಯಾಗಿ ಮೂರು ಎತ್ತರ ಬರುವ ಸಂಭವ ಲೆಕ್ಕ ಹಾಕಿ: 4 × 3/4 × 3/4 × 3/4 × 1/4. ಅಂದರೆ 27/64, ಸುಮಾರು 42%. ಅರ್ಧಕ್ಕಿಂತ ಕಡಿಮೆ! ನಾಲ್ಕೂ ಎತ್ತರವಾಗುವ ಸಂಭವವೇ ಸುಮಾರು 32% ಇದೆ.

ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ಪ್ರಯೋಗ ಮಾಡಿದ ಮೆಂಡೆಲ್‌ರ ಅಂಕಿಗಳನ್ನೇ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎರಡನೇ ಪೀಳಿಗೆಯಲ್ಲಿ ಅವರು ಎಣಿಸಿದ್ದು 5474 ದುಂಡು ಬೀಜ, 1850 ಸುಕ್ಕು ಬೀಜ. ಅನುಪಾತ 2.96 ಕ್ಕೆ 1. ಇದು ಒಟ್ಟು ಲೆಕ್ಕ. ಅದೇ ಪ್ರಯೋಗದಲ್ಲಿ ಒಂದು ಗಿಡದಲ್ಲಿ 43 ದುಂಡು, ಎರಡೇ ಎರಡು ಸುಕ್ಕು ಬೀಜ ಸಿಕ್ಕಿದ್ದವು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. ಅದನ್ನೂ ಅವರು ಮುಚ್ಚಿಡದೆ 1866ರ ಪ್ರಬಂಧದಲ್ಲಿ ಬರೆದಿದ್ದಾರೆ. ನನಗೆ ಮೆಂಡೆಲ್ ಮೇಲೆ ಗೌರವ ಹೆಚ್ಚಿದ್ದು ಈ ಸಾಲುಗಳನ್ನು ಓದಿದ ಮೇಲೆ. ಅನುಪಾತ ಅನ್ನುವುದು ದೊಡ್ಡ ಸಂಖ್ಯೆಯಲ್ಲಿ ಮಾತ್ರ ಕಾಣಿಸುತ್ತದೆ ಅಂತ ಅರ್ಥಮಾಡಿಕೊಂಡೇ ಅವರು ಅಷ್ಟು ಸಾವಿರ ಬೀಜ ಎಣಿಸಿದ್ದು.

ಕೆಂಪುರಕ್ತಕಣ:
42% ಅನ್ನುವುದು ಯಾವ ಪಾಠದಲ್ಲೂ ಇರಲಿಲ್ಲ. ತುಂಬಾ ಉಪಯೋಗವಾಯಿತು.

ಪ್ರಶ್ನೆಪೆಟ್ಟಿಗೆ:
ನಡುವೆ ಒಂದು ಸಂಶಯ. ಪ್ರಬಲ ಗುಣ ಅಂದಮೇಲೆ ಅದು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತಾ ಹೋಗಿ ಕೊನೆಗೆ ಎಲ್ಲರಲ್ಲೂ ಅದೇ ಉಳಿಯಬೇಕಲ್ಲ? ದುರ್ಬಲ ಗುಣ ಇಷ್ಟು ಹೊತ್ತಿಗೆ ಅಳಿಸಿಹೋಗಬೇಕಿತ್ತು.

ಬಟಾಣಿಹೂ:
ಇಲ್ಲ ಇಲ್ಲ. ಪ್ರಬಲ ಅಂದರೆ ‘ಎರಡು ಬೇರೆ ಆಲೀಲ್ (ಒಂದೇ ಜೀನ್‌ನ ಬೇರೆ ಬೇರೆ ರೂಪ) ಒಟ್ಟಿಗೆ ಇದ್ದಾಗ ಯಾವುದರ ಪರಿಣಾಮ ಹೊರಗೆ ಕಾಣುತ್ತದೆ’ ಅಂತ ಮಾತ್ರ. ಮುಂದಿನ ಪೀಳಿಗೆಗೆ ದಾಟುವಾಗ ಪ್ರಬಲಕ್ಕೂ ದುರ್ಬಲಕ್ಕೂ ಸಮಾನ ಅವಕಾಶ, ಅರ್ಧ ಲಿಂಗಾಣುಗಳಲ್ಲಿ ಇದು, ಅರ್ಧದಲ್ಲಿ ಅದು.

ಉದಾಹರಣೆ ಬೇಕಾದರೆ: ಕೈಯಲ್ಲಿ ಐದಕ್ಕಿಂತ ಹೆಚ್ಚು ಬೆರಳು ಬರುವುದು ಬಹಳಷ್ಟು ಕುಟುಂಬಗಳಲ್ಲಿ ಪ್ರಬಲ ಗುಣ. ಆದರೂ ಅಪರೂಪ. ಒ ರಕ್ತಗುಂಪು ದುರ್ಬಲ ಗುಣ, ಆದರೂ ಪ್ರಪಂಚದಲ್ಲಿ ಅತಿ ಸಾಮಾನ್ಯ ಗುಂಪು ಅದೇ.

ಅಂಕಿಲೆಕ್ಕ:
ನಿಮ್ಮ ಸಂಶಯ ಬಹಳ ಹಳೆಯದು, ವಿಜ್ಞಾನಿಗಳಿಗೂ ಬಂದಿತ್ತು. 1900ರಲ್ಲಿ ಮೆಂಡೆಲ್‌ರ ಕೆಲಸ ಮತ್ತೆ ಬೆಳಕಿಗೆ ಬಂದಮೇಲೆ, ಮೋಟುಬೆರಳು ಪ್ರಬಲ ಗುಣವಾದರೆ ಜನರಲ್ಲಿ ಅದು ಹೆಚ್ಚುತ್ತ ಹೋಗಬೇಕಲ್ಲ ಅನ್ನುವ ಚರ್ಚೆ ನಡೆಯಿತು. ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ 1908ರಲ್ಲಿ ಒಂದು ಚಿಕ್ಕ ಪತ್ರ ಬರೆದು, ಆಯ್ಕೆ, ವಲಸೆ, ಉತ್ಪರಿವರ್ತನೆ ಇಲ್ಲದ ದೊಡ್ಡ ಸಮುದಾಯದಲ್ಲಿ ಆಲೀಲ್‌ಗಳ ಪ್ರಮಾಣ ಬದಲಾಗುವುದಿಲ್ಲ ಅಂತ ಸರಳ ಬೀಜಗಣಿತದಿಂದ ತೋರಿಸಿದರು. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಅದಕ್ಕೇ ಹಾರ್ಡಿ-ವೈನ್‌ಬರ್ಗ್ ತತ್ವ ಅನ್ನುವುದು.

ಪ್ರಶ್ನೆಪೆಟ್ಟಿಗೆ:
ಅದೆಲ್ಲ ಸರಿ, ಆದರೆ ಸುಕ್ಕು ಬೀಜ ‘ದುರ್ಬಲ’ ಅಂತ ಆಗುವುದಾದರೂ ಹೇಗೆ? ಆಲೀಲ್ ಒಳಗೆ ಏನೋ ನಡೆಯುತ್ತಿರಬೇಕಲ್ಲ.

ಕಿಣ್ವಪ್ರಿಯೆ:
ಇದಕ್ಕೆ ಪಕ್ಕಾ ಉತ್ತರ ಇದೆ, ಹೇಳುತ್ತೇನೆ. ಬಟಾಣಿಯಲ್ಲಿ ಪಿಷ್ಟದ ಅಣುವಿಗೆ ಕವಲು ಹಾಕುವ ಒಂದು ಕಿಣ್ವ ಇದೆ. ಸುಕ್ಕು ಬೀಜದಲ್ಲಿ ಆ ಕಿಣ್ವದ ಜೀನ್ ಒಳಗೆ ಒಂದು ಹೆಚ್ಚುವರಿ ಡಿಎನ್‌ಎ ತುಂಡು ಹೊಕ್ಕು ಕೂತಿದೆ, ಹಾಗಾಗಿ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಕವಲೊಡೆದ ಪಿಷ್ಟ ಕಡಿಮೆಯಾಗಿ ಸುಕ್ರೋಸ್ ಹೆಚ್ಚು ಉಳಿಯುತ್ತದೆ. ಸಕ್ಕರೆ ಹೆಚ್ಚಿದ್ದ ಕಡೆ ಅಭಿಸರಣೆಯಿಂದ ನೀರು ಹೆಚ್ಚು ಬರುತ್ತದೆ, ಬೀಜ ಉಬ್ಬುತ್ತದೆ. ಒಣಗುವಾಗ ಆ ನೀರು ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಒಂದೇ ಒಂದು ಒಳ್ಳೆಯ ಪ್ರತಿ ಇದ್ದರೂ ಸಾಕಷ್ಟು ಕಿಣ್ವ ಆಗುತ್ತದೆ, ಬೀಜ ದುಂಡಗಿರುತ್ತದೆ. ದುಂಡು ಪ್ರಬಲ ಅನ್ನುವುದಕ್ಕೆ ಕಾರಣ ಅಷ್ಟೇ. ಇದು ಗೊತ್ತಾಗಿದ್ದು 1990ರಲ್ಲಿ.

ನೋಡಿ, ಮೆಂಡೆಲ್, ಕಿಣ್ವ, ಅಭಿಸರಣೆ, ಮೂರು ಅಧ್ಯಾಯ ಒಂದೇ ಬೀಜದಲ್ಲಿ ಬಂದವು. ಮೇಷ್ಟ್ರು ಅನುವಂಶೀಯತೆ ಬೇರೆ ಇಡಿ ಅಂದಿದ್ದಕ್ಕೆ ನನ್ನ ತಕರಾರು ಇದೇ.

ಹಳೇಮೇಷ್ಟ್ರು:
ಒಳ್ಳೆಯ ತಕರಾರು. ಆದರೂ ಸಂಭವದ ಲೆಕ್ಕ ಬೇರೆ ರೀತಿಯ ಅಭ್ಯಾಸ, ಅದಕ್ಕೆ ಪೆನ್ನು ಹಿಡಿದು ಪ್ರತ್ಯೇಕವಾಗಿಯೇ ಕೂರಬೇಕು ಅನ್ನುವ ಮಾತು ಬಿಡುವುದಿಲ್ಲ.

ಎರಡನೇಬೆಂಚು:
ಇಷ್ಟು ಬೇಗ ಇಷ್ಟೆಲ್ಲ! ಎಲ್ಲರಿಗೂ ಧನ್ಯವಾದ. ಕೋಶವಿಭಜನೆಯ ಎರಡು ಬಗೆ, ಮೈಟಾಸಿಸ್ ಮತ್ತು ಲಿಂಗಾಣು ಉಂಟಾಗುವ ಮಿಯಾಸಿಸ್ ಬಗ್ಗೆಯೂ ಕೇಳಬೇಕು. ಮಿಯಾಸಿಸ್‌ನಲ್ಲಿ ಎರಡು ವಿಭಜನೆ. ವರ್ಣತಂತುಗಳ ಸಂಖ್ಯೆ ಅರ್ಧವಾಗುವುದು ಯಾವುದರಲ್ಲಿ?

ಸೂಕ್ಷ್ಮದರ್ಶಕ:
ಮೊದಲನೆಯದರಲ್ಲಿ. ಅಲ್ಲಿ ಜೋಡಿ ವರ್ಣತಂತುಗಳು ಬೇರೆಯಾಗುತ್ತವೆ, 46 ಇದ್ದದ್ದು 23 ಆಗುತ್ತದೆ. ಎರಡನೆಯದು ಮೈಟಾಸಿಸ್ ತರಹ, ಪ್ರತಿ ವರ್ಣತಂತುವಿನ ಎರಡು ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ, 23 ಇದ್ದದ್ದು 23 ಆಗಿಯೇ ಉಳಿಯುತ್ತದೆ. ಸೆಂಟ್ರೋಮಿಯರ್ ಎಷ್ಟಿವೆ ಅಂತ ಎಣಿಸಿದರೆ ವರ್ಣತಂತು ಎಷ್ಟು ಅಂತ ಸಿಗುತ್ತದೆ, ಈ ಒಂದು ನಿಯಮ ಹಿಡಿದುಕೊಂಡರೆ ಗೊಂದಲ ಆಗುವುದಿಲ್ಲ.

ವೈವಿಧ್ಯ ಎಲ್ಲಿಂದ ಅಂತ ಕೇಳಿದರೆ ಎರಡು ಕಾರಣ ಬರೆಯಿರಿ. ಜೋಡಿಗಳು ಸ್ವತಂತ್ರವಾಗಿ ಹಂಚಿಹೋಗುವುದರಿಂದಲೇ 2ರ 23ನೇ ಘಾತ, ಅಂದರೆ 83 ಲಕ್ಷಕ್ಕೂ ಹೆಚ್ಚು ಬಗೆಯ ಲಿಂಗಾಣು ಸಾಧ್ಯ. ಅದರ ಮೇಲೆ ಮೊದಲ ಹಂತದ ಪ್ರೊಫೇಸ್‌ನಲ್ಲಿ ನಡೆಯುವ ಅಡ್ಡಹಾಯುವಿಕೆ, ಅಂದರೆ ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದು. ಅದು ಸೇರಿದರೆ ಲೆಕ್ಕವೇ ಸಿಗದು.

ಕೆಂಪುರಕ್ತಕಣ:
46 ಅನ್ನುವ ಸಂಖ್ಯೆ ಕೂಡ ಬಹಳ ಹಿಂದಿನದೇನಲ್ಲ. ದಶಕಗಟ್ಟಲೆ 48 ಅಂತಲೇ ಪಾಠ ನಡೆಯುತ್ತಿತ್ತು. 1956ರಲ್ಲಿ ಟ್ಜಿಯೊ ಮತ್ತು ಲೆವಾನ್ ಸರಿಯಾಗಿ ಎಣಿಸಿ 46 ಎಂದರು. ಡಿಎನ್‌ಎ ರಚನೆ ತಿಳಿದದ್ದು 1953ರಲ್ಲಿ. ಏಣಿಯ ಆಕಾರ ಗೊತ್ತಾದ ಮೇಲೆ ವರ್ಣತಂತು ಎಷ್ಟು ಅಂತ ಗೊತ್ತಾಯಿತು, ಯೋಚಿಸಿದರೆ ಆಶ್ಚರ್ಯ.

ಚಿತ್ರಪುಟ:
ಡಿಎನ್‌ಎ ಅಂದಾಗ ರೊಸಾಲಿಂಡ್ ಫ್ರಾಂಕ್ಲಿನ್ ಹೆಸರು ಬಿಡಬೇಡಿ. ಅವರ ಪ್ರಯೋಗಾಲಯದಲ್ಲಿ 1952ರಲ್ಲಿ ತೆಗೆದ ಎಕ್ಸ್-ರೇ ಚಿತ್ರ ಇಲ್ಲದೆ ವಾಟ್ಸನ್, ಕ್ರಿಕ್ ಅಷ್ಟು ಬೇಗ ಆ ಮಾದರಿ ಕಟ್ಟುತ್ತಿರಲಿಲ್ಲ. ಮಕ್ಕಳ ಉತ್ತರಪತ್ರಿಕೆಯಲ್ಲಿ ಯಾವಾಗಲೂ ಇಬ್ಬರದೇ ಹೆಸರು ನೋಡಿದಾಗ ಬೇಜಾರಾಗುತ್ತದೆ.

ಎಡಹೃತ್ಕುಕ್ಷಿ:
ಅಪಧಮನಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಹೃದಯದಿಂದ ಹೊರಗೆ ಹೋಗುವ ನಾಳ ಅಪಧಮನಿ, ಹೃದಯಕ್ಕೆ ಬರುವ ನಾಳ ಅಭಿಧಮನಿ. ಒಳಗಿನ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವುದಕ್ಕೂ ಹೆಸರಿಗೂ ಸಂಬಂಧವಿಲ್ಲ. ಆದ್ದರಿಂದ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವುದು ಅಪಧಮನಿಯೇ, ಅಲ್ಲಿಂದ ಎಡ ಹೃತ್ಕರ್ಣಕ್ಕೆ ಬರುವುದು ಅಭಿಧಮನಿಯೇ. ಗರ್ಭದಲ್ಲಿರುವ ಮಗುವಿನ ಹೊಕ್ಕುಳಬಳ್ಳಿಯಲ್ಲೂ ಹಾಗೆಯೇ, ಆಕ್ಸಿಜನ್ ತುಂಬಿದ ರಕ್ತ ಬರುವುದು ಅಭಿಧಮನಿಯಲ್ಲಿ.

ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ ಅಂತಲೂ ಕೇಳುತ್ತಾರೆ. ಒಂದು ಬಡಿತಕ್ಕೆ ಎರಡೂ ಕಡೆ ಹೆಚ್ಚೂಕಡಿಮೆ ಸಮಾನ ರಕ್ತ, ಸುಮಾರು 70 ಮಿಲಿಲೀಟರ್, ಹೊರಗೆ ಹೋಗುತ್ತದೆ. ಆದರೆ ಬಲಭಾಗ ತಳ್ಳಬೇಕಾದದ್ದು ಪಕ್ಕದ ಶ್ವಾಸಕೋಶಕ್ಕೆ, ಎಡಭಾಗ ತಳ್ಳಬೇಕಾದದ್ದು ಇಡೀ ದೇಹಕ್ಕೆ. ಪರಿಮಾಣ ಅಷ್ಟೇ, ಒತ್ತಡ ಹೆಚ್ಚು. ‘ಎಡಭಾಗ ಹೆಚ್ಚು ರಕ್ತ ಹೊರಹಾಕುತ್ತದೆ’ ಅಂತ ಬರೆದರೆ ಅಂಕ ಹೋಗುತ್ತದೆ.

ಪ್ರಶ್ನೆಪೆಟ್ಟಿಗೆ:
ಅಭಿಧಮನಿಯ ರಕ್ತ ನೀಲಿ ತಾನೇ? ಕೈಮೇಲೆ ಕಾಣುತ್ತದಲ್ಲ.

ಎಡಹೃತ್ಕುಕ್ಷಿ:
ಕಡುಗೆಂಪು. ನೀಲಿ ಎಂದೂ ಅಲ್ಲ. ಚರ್ಮದ ಮೂಲಕ ಬೆಳಕು ಹೋಗಿ ಹಿಂತಿರುಗುವ ರೀತಿಯಿಂದ ನಾಳ ನೀಲಿಯಾಗಿ ಕಾಣುತ್ತದೆ. ಚಿತ್ರದಲ್ಲಿ ನೀಲಿ ಬಣ್ಣ ಹಚ್ಚುವುದು ಗುರುತಿಗಾಗಿ. ಇನ್ನೊಂದು ವಿಷಯ, ‘ಆಕ್ಸಿಜನ್ ಇಲ್ಲದ ರಕ್ತ’ ಅನ್ನುವುದೂ ಸರಿಯಲ್ಲ. ವಿಶ್ರಾಂತಿಯಲ್ಲಿರುವಾಗ ದೇಹ ಸುತ್ತಿ ವಾಪಸು ಬರುವ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಇನ್ನೂ ಸುಮಾರು ಮುಕ್ಕಾಲು ಪಾಲು ಆಕ್ಸಿಜನ್ ಇರುತ್ತದೆ.

ಲ್ಯಾಬ್‌ಮೂಲೆ:
ಉಸಿರಾಟದ ಗಾಳಿಯೂ ಹಾಗೇ. ಒಳಗೆ ಎಳೆದುಕೊಂಡಾಗ 21% ಆಕ್ಸಿಜನ್, ಹೊರಗೆ ಬಿಟ್ಟಾಗ ಸುಮಾರು 16%. ಕಾರ್ಬನ್ ಡೈಆಕ್ಸೈಡ್ 0.04% ಇದ್ದದ್ದು 4% ಆಗುತ್ತದೆ. ‘ಆಕ್ಸಿಜನ್ ಒಳಗೆ, ಕಾರ್ಬನ್ ಡೈಆಕ್ಸೈಡ್ ಹೊರಗೆ’ ಅಂತ ಮಾತ್ರ ಕಲಿತವರು ಈ ಅಂಕಿ ಕೇಳಿದಾಗ ನಂಬುವುದಿಲ್ಲ.

ಉಸಿರು ಬಿಗಿಹಿಡಿದಾಗ ತಡೆಯಲಾಗದೆ ಬಿಡುವುದು ಯಾಕೆ ಅಂತಲೂ ಕೇಳಿಕೊಳ್ಳಿ. ಆಕ್ಸಿಜನ್ ಮುಗಿದು ಅಲ್ಲ, ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರಿ ರಕ್ತದ ಆಮ್ಲೀಯತೆ ಹೆಚ್ಚಾಗುವುದನ್ನು ಮಿದುಳಿನ ಕೆಳಭಾಗದ ಮೆಡುಲ್ಲಾ ಗ್ರಹಿಸುವುದರಿಂದ.

ಚಿತ್ರಪುಟ:
ನೆಫ್ರಾನ್ ಬಗ್ಗೆ ನಾನು ಸೇರಿಸುತ್ತೇನೆ. ಒಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್. ದಿನಕ್ಕೆ ಎರಡೂ ಸೇರಿ ಸೋಸುವ ದ್ರವ ಸುಮಾರು 180 ಲೀಟರ್, ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರ್ ಅಷ್ಟೇ. ಅಂದರೆ ಮೂತ್ರಪಿಂಡದ ಹೆಚ್ಚಿನ ಕೆಲಸ ಸೋಸುವುದಲ್ಲ, ಸೋಸಿದ್ದನ್ನು ವಾಪಸು ಪಡೆಯುವುದು. ಗ್ಲೂಕೋಸ್ ಪೂರ್ತಿ ವಾಪಸು ಬರುತ್ತದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದರೆ ಹೀರುವ ಸಾಮರ್ಥ್ಯ ಸಾಲದೆ ಮೂತ್ರದಲ್ಲಿ ಇಳಿಯುತ್ತದೆ. ಮಧುಮೇಹದ ಪ್ರಶ್ನೆಗೂ ನೆಫ್ರಾನ್ ಪ್ರಶ್ನೆಗೂ ಇದೇ ಕೊಂಡಿ.

ಕಿಣ್ವಪ್ರಿಯೆ:
ಜೀರ್ಣಕ್ರಿಯೆಯಲ್ಲಿ ಎಲ್ಲರೂ ಎಡವುವ ಜಾಗ ಪಿತ್ತರಸ. ಅದರಲ್ಲಿ ಜೀರ್ಣಿಸುವ ಕಿಣ್ವ ಇಲ್ಲ. ಕೊಬ್ಬಿನ ದೊಡ್ಡ ಹನಿಗಳನ್ನು ಚಿಕ್ಕದಾಗಿ ಒಡೆದು ಕೊಬ್ಬು ಜೀರ್ಣಿಸುವ ಕಿಣ್ವವಾದ ಲೈಪೇಸ್‌ಗೆ ಕೆಲಸ ಮಾಡಲು ಹೆಚ್ಚು ಮೇಲ್ಮೈ ಕೊಡುತ್ತದೆ. ತಯಾರಾಗುವುದು ಪಿತ್ತಜನಕಾಂಗದಲ್ಲಿ, ಪಿತ್ತಕೋಶ ಬರೀ ಶೇಖರಿಸಿ ಸಾಂದ್ರಗೊಳಿಸುತ್ತದೆ. ಹಾಗಾಗಿ ಪಿತ್ತಕೋಶ ತೆಗೆದುಹಾಕಿದವರಿಗೂ ಪಿತ್ತರಸ ಬರುತ್ತಲೇ ಇರುತ್ತದೆ.

ನಾಲಿಗೆತುದಿ:
ಸ್ವಲ್ಪ ವಿಷಯಾಂತರ. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ ಅನ್ನುವ ಆ ನಕ್ಷೆ ಇನ್ನೂ ಓದಬೇಕಾ?

ಲ್ಯಾಬ್‌ಮೂಲೆ:
ಬೇಡ. ಅದು ತಪ್ಪು. ರುಚಿಮೊಗ್ಗು ಇರುವ ಎಲ್ಲ ಕಡೆ ಎಲ್ಲ ರುಚಿಯೂ ತಿಳಿಯುತ್ತದೆ. 1901ರಲ್ಲಿ ಹೇನಿಗ್ ಅನ್ನುವ ಜರ್ಮನ್ ವಿಜ್ಞಾನಿ ಅಂಚುಗಳಲ್ಲಿ ಸೂಕ್ಷ್ಮತೆ ಸ್ವಲ್ಪ ಸ್ವಲ್ಪ ಬೇರೆ ಅಂತ ಅಳೆದಿದ್ದರು. ಆ ಸಣ್ಣ ವ್ಯತ್ಯಾಸವನ್ನು ಆಮೇಲಿನವರು ಗಡಿ ಹಾಕಿದ ನಕ್ಷೆ ಮಾಡಿಬಿಟ್ಟರು. ಉಪ್ಪು ನೀರು, ಸಕ್ಕರೆ ನೀರು ನಾಲಿಗೆಯ ಬೇರೆ ಬೇರೆ ಜಾಗಕ್ಕೆ ಹನಿಸಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಕಾವಲುಕೋಶ:
ಸಸ್ಯಗಳನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ, ಈ ಚರ್ಚೆಯಲ್ಲೂ ಅದೇ ಆಗಿದೆ! ಗಿಡದ ತೂಕದ ಪ್ರಶ್ನೆ ನನಗೆ ಇಡೀ ಜೀವಶಾಸ್ತ್ರದಲ್ಲೇ ಇಷ್ಟವಾದದ್ದು, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ವಾನ್ ಹೆಲ್ಮಾಂಟ್ ಒಂದು ದೊಡ್ಡ ಕುಂಡದಲ್ಲಿ 200 ಪೌಂಡ್ ಒಣಮಣ್ಣು ಹಾಕಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟರು. 5 ವರ್ಷ ನೀರು ಮಾತ್ರ ಹಾಕಿದರು. ಮರ 169 ಪೌಂಡ್ ಆಯಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಇದು ಪ್ರಕಟವಾದದ್ದು 1648ರಲ್ಲಿ, ಅವರು ತೀರಿಕೊಂಡ ಮೇಲೆ. ಮರವೆಲ್ಲ ನೀರಿನಿಂದಲೇ ಆಗಿದೆ ಅಂತ ಅವರು ತೀರ್ಮಾನಿಸಿದರು. ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಣಗಿಸಿದ ಮರದ ತೂಕದಲ್ಲಿ ಹೆಚ್ಚಿನ ಪಾಲು ಕಾರ್ಬನ್ ಮತ್ತು ಆಕ್ಸಿಜನ್, ಎರಡೂ ಬಂದದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ. ನೀರಿನಿಂದ ಹೈಡ್ರೋಜನ್. ಮಣ್ಣಿನಿಂದ ನೈಟ್ರೋಜನ್, ಫಾಸ್ಫರಸ್, ಪೊಟ್ಯಾಸಿಯಂ ಮುಂತಾದವು, ತೂಕದಲ್ಲಿ ಕಡಿಮೆ, ಆದರೆ ಇಲ್ಲದಿದ್ದರೆ ಗಿಡವೇ ಇಲ್ಲ.

ಹಾಗಾದರೆ ಹೊರಬರುವ ಆಕ್ಸಿಜನ್ ಯಾವುದರದ್ದು? ಕಾರ್ಬನ್ ಡೈಆಕ್ಸೈಡ್ ಒಡೆದು ಬಂದದ್ದು ಅಂತ ಬಹಳ ಜನ ಬರೆಯುತ್ತಾರೆ. ಅಲ್ಲ, ನೀರಿನದು. 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಆಕ್ಸಿಜನ್-18 ಎಂಬ ಭಾರದ ಐಸೋಟೋಪ್ ಸೇರಿಸಿದ ನೀರು ಕೊಟ್ಟು ನೋಡಿದಾಗ ಹೊರಬಂದ ಅನಿಲದಲ್ಲಿ ಅದು ಸಿಕ್ಕಿತು.

ಪ್ರಶ್ನೆಪೆಟ್ಟಿಗೆ:
ಗಿಡ ಹಗಲು ಆಕ್ಸಿಜನ್ ಬಿಡುತ್ತದೆ, ರಾತ್ರಿ ಉಸಿರಾಡುತ್ತದೆ. ಇದಾದರೂ ಸರಿಯಾ?

ಕಾವಲುಕೋಶ:
ಹಗಲೂ ಉಸಿರಾಡುತ್ತದೆ. ಜೀವಂತ ಕೋಶ ಉಸಿರಾಟ ನಿಲ್ಲಿಸಿದರೆ ಸಾಯುತ್ತದೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚಿರುವುದರಿಂದ ಒಟ್ಟು ಲೆಕ್ಕದಲ್ಲಿ ಆಕ್ಸಿಜನ್ ಹೊರಬರುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಎರಡರ ವೇಗ ಸಮನಾಗುವ ಒಂದು ಹೊತ್ತು ಇರುತ್ತದೆ, ಆಗ ಒಳಗೂ ಇಲ್ಲ, ಹೊರಗೂ ಇಲ್ಲ.

ಅಂಕಿಲೆಕ್ಕ:
ನೀರು ಮೇಲಕ್ಕೆ ಏರುವುದರ ಬಗ್ಗೆ ಕೇಳಲಾ? ಬೇರಿನ ಒತ್ತಡ ಅಂತ ಬರೆದಿದ್ದೆ, ಪೂರ್ತಿ ಅಂಕ ಸಿಗಲಿಲ್ಲ.

ಕಾವಲುಕೋಶ:
ಬೇರಿನ ಒತ್ತಡ ಚಿಕ್ಕ ಗಿಡಗಳಿಗೆ, ಅದೂ ರಾತ್ರಿ ಹೊತ್ತು ಕೆಲಸ ಮಾಡುತ್ತದೆ. ಬೆಳಿಗ್ಗೆ ಹುಲ್ಲಿನ ತುದಿಯಲ್ಲಿ ಕಾಣುವ ಹನಿಗಳಲ್ಲಿ ಎಷ್ಟೋ ಅದರಿಂದ ಬಂದವು, ಎಲ್ಲವೂ ಇಬ್ಬನಿಯಲ್ಲ. ವಾಯುಭಾರ ನೀರನ್ನು ಎತ್ತಬಲ್ಲದ್ದು ಸುಮಾರು 10 ಮೀಟರ್. 100 ಮೀಟರ್ ದಾಟಿದ ಮರಗಳಿವೆ. ಅಲ್ಲಿ ನೀರನ್ನು ಮೇಲಿಂದ ಎಳೆಯಲಾಗುತ್ತದೆ, ಕೆಳಗಿಂದ ತಳ್ಳುವುದಲ್ಲ. ಎಲೆಯಿಂದ ನೀರು ಆವಿಯಾದಾಗ ಹಿಂದಿನ ಅಣುಗಳನ್ನು ಎಳೆಯುತ್ತದೆ, ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಇಡೀ ಸ್ತಂಭ ತುಂಡಾಗದೆ ಮೇಲೇರುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಕೊಟ್ಟ ವಿವರಣೆ ಇದು. ಕ್ಸೈಲಮ್ ನಾಳದ ಕೋಶಗಳು ಸತ್ತ, ಟೊಳ್ಳಾದ ಕೋಶಗಳು. ಎಳೆತಕ್ಕೆ ಕುಸಿಯದಂತೆ ಗೋಡೆಗೆ ಲಿಗ್ನಿನ್ ಇದೆ. ತೊಗಟೆಯ ಒಳಪದರದಲ್ಲಿರುವ ಫ್ಲೋಯಂ ಜೀವಂತ, ಅಲ್ಲಿ ಸಕ್ಕರೆ ತುಂಬಲು ಶಕ್ತಿ ಬೇಕು. ‘ಮರದ ತೊಗಟೆಯನ್ನು ಸುತ್ತಲೂ ಉಂಗುರದಂತೆ ತೆಗೆದರೆ ಏನಾಗುತ್ತದೆ’ ಅನ್ನುವ ಪ್ರಶ್ನೆಗೆ ಇದರಿಂದಲೇ ಉತ್ತರ ಹೊರಡುತ್ತದೆ: ನೀರು ಏರುತ್ತಲೇ ಇರುತ್ತದೆ, ಸಕ್ಕರೆ ಕೆಳಗಿಳಿಯುವುದಿಲ್ಲ, ಬೇರು ಹಸಿದು ಸಾಯುತ್ತದೆ, ಆಮೇಲೆ ಮರ.

ಸೂಕ್ಷ್ಮದರ್ಶಕ:
ಬೆಳಕಿನ ಕಡೆ ಬಾಗುವುದನ್ನೂ ಸೇರಿಸಿ. ಆಕ್ಸಿನ್ ಅನ್ನುವ ಸಸ್ಯ ಹಾರ್ಮೋನ್ ನೆರಳಿನ ಬದಿಗೆ ಸೇರುತ್ತದೆ, ಅಲ್ಲಿನ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಆದ್ದರಿಂದ ಕಾಂಡ ಬೆಳಕಿನತ್ತ ಬಾಗುತ್ತದೆ. ಬೆಳಕಿನ ಬದಿಯಲ್ಲಿ ಬೆಳವಣಿಗೆ ಹೆಚ್ಚು ಅಂತ ಬರೆದರೆ ಗಿಡ ಬೆಳಕಿನಿಂದ ದೂರ ತಿರುಗಬೇಕಾಗುತ್ತದೆ, ಚಿತ್ರ ಬಿಡಿಸಿ ನೋಡಿ.

ಬಟಾಣಿಹೂ:
ದ್ವಿನಿಷೇಚನವೂ ಕೇಳಬಹುದು. ಒಂದು ಗಂಡು ಲಿಂಗಾಣು ಅಂಡದೊಂದಿಗೆ ಸೇರಿ ಯುಗ್ಮಜ. ಇನ್ನೊಂದು ಎರಡು ಧ್ರುವೀಯ ಕೋಶಕೇಂದ್ರಗಳೊಂದಿಗೆ ಸೇರಿ ಭ್ರೂಣಾಹಾರ, ಅದರಲ್ಲಿ ವರ್ಣತಂತುಗಳ ಮೂರು ಗುಂಪು. ಮೆಕ್ಕೆಜೋಳದ ಕಾಳಿನ ಬಹುಪಾಲು ಅದೇ.

ಎರಡನೇಬೆಂಚು:
ಮೇಷ್ಟ್ರು ಹೇಳಿದ ಕಾರ್ಬನ್ ದಾರಿ ಬರೆದು ನೋಡಿದೆ. ತಡೆದದ್ದು ಎರಡು ಕಡೆ: ಕರುಳಿಂದ ನೇರ ಹೃದಯಕ್ಕೆ ಅಂದುಕೊಂಡಿದ್ದೆ, ಪಿತ್ತಜನಕಾಂಗ ಬಿಟ್ಟಿದ್ದೆ. ಮತ್ತೆ ಬೈಕಾರ್ಬನೇಟ್. ಅವೆರಡೂ ಇವತ್ತೇ ಓದಿ ಮುಗಿಸುತ್ತೇನೆ. ಯಾರಾದರೂ ಒಂದು ಗಟ್ಟಿ ಅನುವಂಶೀಯ ಲೆಕ್ಕ ಕೊಡಿ, ಮಾಡುತ್ತೇನೆ.

ಅಂಕಿಲೆಕ್ಕ:
ತಗೊಳ್ಳಿ. ಹಿಮೋಫೀಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ) ಎಕ್ಸ್ ವರ್ಣತಂತುವಿನ ಮೇಲಿನ ದುರ್ಬಲ ಗುಣ. ಒಬ್ಬ ಮಹಿಳೆಯ ತಮ್ಮನಿಗೆ ಹಿಮೋಫೀಲಿಯಾ ಇದೆ. ಆಕೆಗೆ, ತಂದೆ ತಾಯಿಗೆ, ಗಂಡನಿಗೆ ಇಲ್ಲ. ತಾಯಿ ವಾಹಕಿ (ರೋಗವಿಲ್ಲದಿದ್ದರೂ ಆ ಆಲೀಲ್‌ನ ಒಂದು ಪ್ರತಿ ಹೊತ್ತವಳು) ಅಂತಲೇ ಇಟ್ಟುಕೊಳ್ಳಿ, ಹೊಸ ಉತ್ಪರಿವರ್ತನೆ ಇಲ್ಲ. ಆಕೆಗೆ ಹುಟ್ಟುವ ಗಂಡುಮಗುವಿಗೆ ರೋಗ ಬರುವ ಸಂಭವ ಎಷ್ಟು? ಎರಡನೇ ಭಾಗ: ಮೊದಲನೇ ಮಗ ಆರೋಗ್ಯವಾಗಿದ್ದಾನೆ. ಈಗ ಎರಡನೇ ಮಗನಿಗೆ ಸಂಭವ ಎಷ್ಟು?

ಕೆಂಪುರಕ್ತಕಣ:
ವಿಕ್ಟೋರಿಯಾ ರಾಣಿಯ ಮನೆತನದ ರೋಗ ಇದು. ಮಗ ಲಿಯೋಪೋಲ್ಡ್‌ಗೆ ಇತ್ತು, ಹೆಣ್ಣುಮಕ್ಕಳಾದ ಆಲಿಸ್, ಬಿಯಾಟ್ರಿಸ್ ವಾಹಕಿಯರು. ಆಲಿಸ್ ಮೂಲಕ ರಷ್ಯಾದ ರಾಜಮನೆತನಕ್ಕೆ ಹೋಯಿತು. ಅಲ್ಲಿನ ಮೂಳೆಗಳ ಡಿಎನ್‌ಎ ನೋಡಿ ಅದು ಹಿಮೋಫೀಲಿಯಾ ಬಿ ಅಂತ 2009ರಲ್ಲಿ ಗುರುತಿಸಿದರು.

ಪ್ರಶ್ನೆಪೆಟ್ಟಿಗೆ:
ಮೊದಲ ಭಾಗಕ್ಕೆ 1/4. ಆಕೆ ವಾಹಕಿಯಾಗುವ ಸಂಭವ 1/2, ವಾಹಕಿಯಾದರೆ ಮಗನಿಗೆ 1/2. ಎರಡನೇದೂ 1/4 ತಾನೇ? ಮೊದಲ ಮಗು ಹೇಗಿದ್ದರೂ ಎರಡನೇದಕ್ಕೆ ಸಂಬಂಧವಿಲ್ಲ ಅಂತ ಎಲ್ಲ ಕಡೆ ಹೇಳುತ್ತಾರಲ್ಲ.

ಬಟಾಣಿಹೂ:
ತಾಯಿಯ ಜೀನೋಟೈಪ್ ಗೊತ್ತಿದ್ದಾಗ ಆ ಮಾತು ಸರಿ. ಇಲ್ಲಿ ಗೊತ್ತಿಲ್ಲ. ಮೊದಲ ಮಗ ಆರೋಗ್ಯವಾಗಿರುವುದು ಆಕೆಯ ಬಗ್ಗೆ ಒಂದು ಸುಳಿವು ಕೊಡುತ್ತದೆ.

ಎರಡನೇಬೆಂಚು:
ಪ್ರಯತ್ನಿಸುತ್ತೇನೆ. ವಾಹಕಿ ಆಗಿದ್ದು ಮಗ ಆರೋಗ್ಯವಾಗಿರುವುದು: 1/2 × 1/2 = 1/4. ವಾಹಕಿ ಅಲ್ಲದೆ ಮಗ ಆರೋಗ್ಯವಾಗಿರುವುದು: 1/2 × 1 = 1/2. ಒಟ್ಟು 3/4. ಅದರಲ್ಲಿ ವಾಹಕಿಯ ಪಾಲು 1/4, ಅಂದರೆ ಮೂರರಲ್ಲಿ ಒಂದು. ಹಾಗಾಗಿ ಎರಡನೇ ಮಗನಿಗೆ 1/3 × 1/2 = 1/6?

ಅಂಕಿಲೆಕ್ಕ:
ಸರಿ, 1/6. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಇಬ್ಬರು ಗಂಡುಮಕ್ಕಳೂ ಆರೋಗ್ಯವಾಗಿದ್ದರೆ ಮೂರನೆಯವನಿಗೆ?

ಎರಡನೇಬೆಂಚು:
ವಾಹಕಿಯ ಕಡೆ 1/2 × 1/4 = 1/8, ವಾಹಕಿ ಅಲ್ಲದ ಕಡೆ 4/8. ಆಕೆ ವಾಹಕಿಯಾಗಿರುವ ಸಂಭವ 1/5ಕ್ಕೆ ಇಳಿಯಿತು. ಮೂರನೇ ಮಗನಿಗೆ 1/10.

ಅಂಕಿಲೆಕ್ಕ:
ಸರಿಯಾಗಿದೆ. ಇನ್ನು ಇದನ್ನೇ ತಿರುಗಿಸಿ: ಇಬ್ಬರಲ್ಲಿ ಒಬ್ಬ ಮಗನಿಗೆ ರೋಗ ಇದ್ದರೆ?

ಎರಡನೇಬೆಂಚು:
ಹಾಗಾದರೆ ಆಕೆ ವಾಹಕಿ ಅನ್ನುವುದು ಖಚಿತವಾಯಿತು. ಆರೋಗ್ಯವಾಗಿರುವ ಮಗ ಎಷ್ಟೇ ಜನ ಇರಲಿ, ಮುಂದಿನ ಮಗನಿಗೆ 1/2.